ಊರ ದುಡ್ಡು, ಊರ ಚಂದ

ಬೆಂಗಳೂರಿನ ಯಾವ ದರ್ಶಿನಿಗೆ ಹೋಗಿ ನಿಂತರೂ ಕಾಫಿ ಲೋಟ ಖಾಲಿಯಾಗುವ ಹೊತ್ತಿಗೆ ಮಾತು ರಸ್ತೆಗೆ ಬಂದಿರುತ್ತದೆ. ಮಳೆಯಿಂದ ಶುರುವಾದರೂ ಅಷ್ಟೆ, ಮಗಳ ಮದುವೆಯಿಂದ ಶುರುವಾದರೂ ಅಷ್ಟೆ. ಮೊದಲು ಟ್ರಾಫಿಕ್ಕು, ಆಮೇಲೆ ಫ್ಲೈಓವರು, ಆಮೇಲೆ ಸುರಂಗ, ಕೊನೆಗೊಂದು ಮೊತ್ತ. ಇಷ್ಟು ಸಾವಿರ ಕೋಟಿಯಂತೆ ಎಂದು ಒಬ್ಬರು ಅಂದ ಕೂಡಲೇ ಪಕ್ಕದ ಟೇಬಲಿನವರೂ ಇತ್ತ ತಿರುಗುತ್ತಾರೆ. 'ಅಷ್ಟು ದುಡ್ಡು ಇದಕ್ಕೆ ಬೇಕಿತ್ತಾ ಸಾರ್?' ಎಂಬ ಪ್ರಶ್ನೆ ಬರುತ್ತದೆ. ಗುರುತು ಪರಿಚಯ ಇಲ್ಲದ ನಾಲ್ಕು ಜನ ನಿಂತಲ್ಲೇ ಊರಿನ ಜಮಾಖರ್ಚು ನೋಡಿ, ಲೋಟ ಇಟ್ಟು, ತಮ್ಮ ತಮ್ಮ ದಾರಿ ಹಿಡಿಯುತ್ತಾರೆ.

ಈ ಮಾತುಕತೆ ನನಗೆ ಬಹಳ ಇಷ್ಟ. ಇದನ್ನು ಕೆಲಸವಿಲ್ಲದವರ ಹರಟೆ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮನೆ ತೆರಿಗೆ ಕಟ್ಟುವವರು, ಪೆಟ್ರೋಲು ಹಾಕಿಸುವಾಗ ತೆರಿಗೆ ಕೊಡುವವರು, ಬಿಸ್ಕತ್ತು ಕೊಂಡಾಗ ಜಿಎಸ್‌ಟಿ ಕೊಡುವವರು ಆ ದುಡ್ಡು ಎಲ್ಲಿ ಹೋಯಿತೆಂದು ಕೇಳುತ್ತಿದ್ದಾರೆ. ಹೀಗೆ ಕೇಳುವವರು ಇರುವವರೆಗೆ ಊರಿನ ಮೇಲೆ ಭರವಸೆ ಇಡಬಹುದು.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಎರಡು ಪಕ್ಷ. ಒಂದು ಚಂದದ ಪಕ್ಷ. ಊರೆಂದ ಮೇಲೆ ನಾಲ್ಕು ಜನ ತಿರುಗಿ ನೋಡುವಂಥ ಕಟ್ಟಡ ಇರಬೇಡವೇ, ಸೇತುವೆ ಕಟ್ಟುವುದಾದರೆ ಚೆನ್ನಾಗಿಯೇ ಕಟ್ಟಬಾರದೇ ಎನ್ನುವವರು. ಇನ್ನೊಂದು ಲೆಕ್ಕದ ಪಕ್ಷ. ಚರಂಡಿ ಉಕ್ಕುತ್ತಿದೆ, ಕೊಳಾಯಿಯಲ್ಲಿ ನೀರಿಲ್ಲ, ಸರ್ಕಾರಿ ಶಾಲೆಯ ಹೆಂಚು ಸೋರುತ್ತಿದೆ, ಇಂಥ ಹೊತ್ತಿನಲ್ಲಿ ಶೃಂಗಾರ ಯಾತಕ್ಕೆ ಎನ್ನುವವರು. ಇವರ ಬತ್ತಳಿಕೆಯಲ್ಲಿ ನಮ್ಮದೇ ಒಂದು ಗಾದೆ ಸದಾ ಸಿದ್ಧ: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಗಾದೆ ಒಳ್ಳೆಯದೇ. ಆದರೆ ಸಂಜೆ ಹೊತ್ತು ಕೃಷ್ಣರಾಜ ಮಾರುಕಟ್ಟೆಯ ಬಾಗಿಲಲ್ಲಿ ನಿಂತು ನೋಡಿ. ಗಾರ್ಮೆಂಟ್ಸಿನಿಂದ ಬಿಟ್ಟು ಬಂದ ಹೆಣ್ಣುಮಗಳು ಸೊಪ್ಪಿಗೆ ಎರಡು ರೂಪಾಯಿ ಚೌಕಾಸಿ ಮಾಡುತ್ತಾಳೆ, ಅಲ್ಲಿಂದ ನಾಲ್ಕು ಹೆಜ್ಜೆ ಮುಂದೆ ಹೋಗಿ ಒಂದು ಮೊಳ ಮಲ್ಲಿಗೆ ಕೊಂಡು ಮುಡಿದುಕೊಳ್ಳುತ್ತಾಳೆ. ಅವಳ ಲೆಕ್ಕ ತಪ್ಪಿದೆ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಊರೂ ಹಾಗೆಯೇ. ಬಡ ಊರಿಗೂ ಚಂದ ಬೇಕು, ಬಡವರಿಗೆ ಎಲ್ಲರಿಗಿಂತ ಹೆಚ್ಚು ಬೇಕು. ಏಕೆಂದರೆ ಉಳ್ಳವರು ಚಂದವನ್ನು ತಮ್ಮ ಮನೆಯೊಳಗೇ ಕಟ್ಟಿಸಿಕೊಳ್ಳಬಲ್ಲರು. ಇಲ್ಲದವರ ಪಾಲಿಗೆ ಬೀದಿ, ಬಸ್‌ಸ್ಟ್ಯಾಂಡು, ಪಾರ್ಕುಗಳೇ ಪಡಸಾಲೆ. ಹಾಗಾಗಿ ಚಂದಕ್ಕೆ ದುಡ್ಡು ಹಾಕಬೇಕೇ ಬೇಡವೇ ಎಂಬುದು ನನಗೆ ತಕರಾರಿನ ವಿಷಯವೇ ಅಲ್ಲ. ಮಲ್ಲಿಗೆ ಯಾರ ಮುಡಿಗೆ ಹೋಯಿತು, ಯಾರನ್ನು ಕೇಳಿ ಕೊಂಡರು ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ಕಣ್ಣೆದುರಿನ ದೊಡ್ಡ ಉದಾಹರಣೆ ವಿಧಾನಸೌಧ. ಇವತ್ತು ಅದರ ಚಿತ್ರವಿಲ್ಲದೆ ಬೆಂಗಳೂರಿನ ಒಂದು ಕ್ಯಾಲೆಂಡರು ಅಚ್ಚಾಗುವುದಿಲ್ಲ. 1951ರ ಜುಲೈ 13ರಂದು ಪ್ರಧಾನಿ ನೆಹರೂ ಅದಕ್ಕೆ ಶಂಕುಸ್ಥಾಪನೆ ಮಾಡಿದಾಗ ಕೆ. ಸಿ. ರೆಡ್ಡಿ ಮುಖ್ಯಮಂತ್ರಿ. ಆಗಿನ ನಕ್ಷೆ ಸರಳವಾದದ್ದು, ಕಚೇರಿಗೆ ಬೇಕಾದಷ್ಟೇ ಇದ್ದದ್ದು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಆ ನಕ್ಷೆಯನ್ನು ಪಕ್ಕಕ್ಕಿಟ್ಟರು. ಬೆಂಗಳೂರು ನೋಡಲು ಬಂದಿದ್ದ ರಷ್ಯದ ನಿಯೋಗವೊಂದು, 'ಇವೆಲ್ಲ ಯುರೋಪಿನ ಮಾದರಿಯ ಕಟ್ಟಡಗಳು, ನಿಮ್ಮದು ಅನ್ನುವ ವಾಸ್ತುಶಿಲ್ಪ ಇಲ್ಲವೇ' ಎಂದು ಕೇಳಿದ್ದು ಅವರ ಮನಸ್ಸಿಗೆ ನಾಟಿತಂತೆ. ಎಂಜಿನಿಯರ್ ಬಿ. ಆರ್. ಮಾಣಿಕ್ಯಂ ಅವರ ಜೊತೆ ಕೂತು, ದ್ರಾವಿಡ ಶೈಲಿಯ ಕಂಬ, ಗೋಪುರ, ಛಜ್ಜಗಳಿರುವ ಕಲ್ಲಿನ ಸೌಧಕ್ಕೆ ಹೊಸ ರೂಪ ಕೊಟ್ಟರು. ಸಾವಿರಾರು ಕೂಲಿಯವರು, ಕಲ್ಲುಕುಟಿಗರು, ಮರದ ಕೆತ್ತನೆಯವರು ಅಲ್ಲಿ ದುಡಿದರು. ಜೈಲಿನ ಕೈದಿಗಳನ್ನೂ ಕೆಲಸಕ್ಕೆ ಹಚ್ಚಲಾಗಿತ್ತು. ಖರ್ಚು ಹತ್ತಿರ ಹತ್ತಿರ ಎರಡು ಕೋಟಿಗೆ ಹೋಯಿತು.

ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಹಳೆಯ ಮೈಸೂರು ರಾಜ್ಯದ ಬೊಕ್ಕಸದ ಅಳತೆಗೆ ಅದು ತುಂಬ ದೊಡ್ಡದು. ವಿರೋಧ ಪಕ್ಷದವರೂ ಕೇಳಿದರು, ಅವರದೇ ಕಾಂಗ್ರೆಸ್ಸಿನವರೂ ಕೇಳಿದರು. ಹಳ್ಳಿಗೆ ಬಾವಿ ಇಲ್ಲದಿರುವಾಗ ಮಂತ್ರಿಗಳಿಗೆ ಕಲ್ಲಿನ ಅರಮನೆಯೇ ಎಂಬ ಮಾತು ಬಂತು. ಖರ್ಚಿನ ಬಗ್ಗೆ ವಿಚಾರಣೆಯೂ ಆಯಿತು. ಸೌಧ ಮುಗಿಯುವ ವರ್ಷ, 1956ರ ಆಗಸ್ಟಿನಲ್ಲಿ, ಹನುಮಂತಯ್ಯನವರು ಮುಖ್ಯಮಂತ್ರಿ ಪದವಿ ಬಿಡಬೇಕಾಯಿತು. ಅದಕ್ಕೆ ರಾಜಕೀಯದ ಬೇರೆ ಕಾರಣಗಳೂ ಇದ್ದವು. ಅದೇ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಹೊಸ ದೊಡ್ಡ ರಾಜ್ಯಕ್ಕೆ ತಕ್ಕ ಮನೆ ಆಗಲೇ ಕಟ್ಟಿಯಾಗಿತ್ತು.

ಇವತ್ತು ಆ ಕಟ್ಟಡ ಬೇಡವಾಗಿತ್ತು ಎನ್ನುವವರನ್ನು ನಾನು ಕಂಡಿಲ್ಲ. ಚಂದದ ಪಕ್ಷದವರು ಇದನ್ನೇ ಹಿಡಿದು, 'ನೋಡಿದಿರಾ, ದೊಡ್ಡ ಕೆಲಸಕ್ಕೆ ಮೊದಲು ಎಲ್ಲರೂ ಬೈಯುತ್ತಾರೆ, ಆಮೇಲೆ ಕೈಮುಗಿಯುತ್ತಾರೆ' ಎನ್ನುತ್ತಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಆಗ ಕೇಳಿದ್ದೂ ನ್ಯಾಯವೇ, ಇವತ್ತು ಮೆಚ್ಚುವುದೂ ನ್ಯಾಯವೇ. ಶಾಸನಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿದವರು ಕೂಡ ಆ ಕಟ್ಟಡದ ಒಳಗೆ ನಡೆಯಬೇಕಾದ ಕೆಲಸವನ್ನೇ ಮಾಡಿದರು. ಬೈಸಿಕೊಂಡದ್ದೆಲ್ಲ ವಿಧಾನಸೌಧ ಆಗುವುದಿಲ್ಲ. ಬೈಸಿಕೊಂಡು, ಕಟ್ಟಿಸಿಕೊಂಡು, ಆಮೇಲೆ ಯಾರೂ ತಿರುಗಿ ನೋಡದೆ ಬಿದ್ದಿರುವ ಕಟ್ಟಡಗಳು ಪ್ರತಿ ಜಿಲ್ಲೆಯಲ್ಲೂ ಇವೆ. ಅವುಗಳ ಚಿತ್ರ ಕ್ಯಾಲೆಂಡರಿಗೆ ಬರುವುದಿಲ್ಲ, ಹಾಗಾಗಿ ನೆನಪಿಗೂ ಬರುವುದಿಲ್ಲ.

ಇನ್ನೊಂದು ಮಾತು. ವಿಧಾನಸೌಧದ ಪೂರ್ವ ದಿಕ್ಕಿನ ಆ ಅಗಲವಾದ ಮೆಟ್ಟಿಲುಗಳನ್ನು ಕಟ್ಟಿಸಿದ್ದು ಜನ ಹತ್ತಲಿ ಎಂದು. ಈಗ ಸುತ್ತಲೂ ಬೇಲಿ, ಗೇಟಿನಲ್ಲಿ ಪೊಲೀಸರು, ಒಳಗೆ ಹೋಗಲು ಪಾಸು. ಭದ್ರತೆಯ ಕಾರಣ ನಿಜವಿರಬಹುದು. ಆದರೂ ದೂರದ ಊರಿನಿಂದ ಬಂದ ಸಂಸಾರ ರಸ್ತೆಯ ಆಚೆ ನಿಂತು ಫೋಟೋ ತೆಗೆಸಿಕೊಂಡು ಹೋಗುವುದನ್ನು ನೋಡುವಾಗ, ಇವರ ದುಡ್ಡಿನಲ್ಲಿ ಕಟ್ಟಿದ ಮೆಟ್ಟಿಲಿಗೆ ಇವರ ಕಾಲು ತಾಗಲಿಲ್ಲವಲ್ಲ ಎಂದು ನೋವಾಗುತ್ತದೆ. 2025ರಲ್ಲಿ ರಜಾದಿನಗಳಂದು ಟಿಕೆಟ್ ಕೊಟ್ಟು ಒಳಗೆ ಸುತ್ತಿಸಿ ತೋರಿಸುವ ಏರ್ಪಾಡು ಶುರುವಾಯಿತು. ತಡವಾದರೂ ಒಳ್ಳೆಯ ಕೆಲಸ.

ದುಡ್ಡಿನ ಮಾತು ಬಂದಾಗ ನಮ್ಮ ಬೀದಿಯ ಹಿರಿಯರೊಬ್ಬರು ನೆನಪಾಗುತ್ತಾರೆ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಖರ್ಚು ಹೇಗೆ ಬೆಳೆಯುತ್ತದೆ ಎಂದು ಅವರು ಬಿಡಿಸಿ ಹೇಳುವುದನ್ನು ಕೇಳಬೇಕು. ಮೊದಲ ಎಸ್ಟಿಮೇಟು ಮಾಡುವಾಗ ಮಂಜೂರಾತಿ ಸಿಗಲಿ ಎಂದು ಮೊತ್ತವನ್ನು ಕಡಿಮೆ ಇಡುತ್ತಾರೆ. ಗುದ್ದಲಿ ಪೂಜೆ ಆದಮೇಲೆ ನೆಲ ಅಗೆದರೆ ನಕ್ಷೆಯಲ್ಲಿಲ್ಲದ ನೀರಿನ ಪೈಪು, ಒಳಚರಂಡಿ, ಕರೆಂಟಿನ ಕೇಬಲ್ಲು ಸಿಗುತ್ತವೆ. ಅವನ್ನು ಪಕ್ಕಕ್ಕೆ ಸರಿಸಲು ಇನ್ನೊಂದು ಇಲಾಖೆಗೆ ದುಡ್ಡು ಕಟ್ಟಬೇಕು. ಜಾಗ ಬಿಟ್ಟುಕೊಡಬೇಕಾದವರು ಕೋರ್ಟಿಗೆ ಹೋಗುತ್ತಾರೆ. ಅಷ್ಟರಲ್ಲಿ ಉಕ್ಕು ಸಿಮೆಂಟಿನ ದರ ಏರಿರುತ್ತದೆ. ಎಕ್ಸ್‌ಟ್ರಾ ಐಟಂ, ರಿವೈಸ್ಡ್ ಎಸ್ಟಿಮೇಟು, ಅವಧಿ ವಿಸ್ತರಣೆ. 'ಕಳ್ಳತನ ಒಂದು ಪೈಸೆ ಇಲ್ಲದಿದ್ದರೂ ಖರ್ಚು ಒಂದೂವರೆ ಪಟ್ಟು ಆಗುತ್ತೆ ಕಣಯ್ಯ, ಕಳ್ಳತನ ಸೇರಿದರೆ ಕೇಳಲೇಬೇಡ' ಎನ್ನುತ್ತಾರೆ. ಈಜಿಪುರದ ಫ್ಲೈಓವರು 2017ರಲ್ಲಿ ಶುರುವಾಗಿ ವರ್ಷಗಟ್ಟಲೆ ಬರೀ ಕಂಬಗಳ ಸಾಲಾಗಿ ನಿಂತದ್ದನ್ನು ಕಂಡವರಿಗೆ ಅವರ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ಇದು ನಮ್ಮ ದೇಶದ ರೋಗ ಮಾತ್ರ ಎಂದುಕೊಳ್ಳಬೇಡಿ. ಸಿಡ್ನಿಯ ಆಪೆರಾ ಹೌಸ್‌ಗೆ ಮೊದಲು ಹೇಳಿದ ಮೊತ್ತ 70 ಲಕ್ಷ ಆಸ್ಟ್ರೇಲಿಯನ್ ಡಾಲರಿಗೆ ಸಮ. 1973ರಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಅದು 10 ಕೋಟಿ 20 ಲಕ್ಷವಾಗಿತ್ತು. ವಿನ್ಯಾಸ ಮಾಡಿದ ಡೆನ್ಮಾರ್ಕಿನ ಯೋರ್ನ್ ಉಟ್ಸೋನ್ ಸರ್ಕಾರದ ಜೊತೆ ಮನಸ್ತಾಪವಾಗಿ 1966ರಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟುಹೋದರು. ಪೂರ್ತಿಯಾದ ಕಟ್ಟಡವನ್ನು ಕಣ್ಣಾರೆ ನೋಡಲು ಅವರು ಮತ್ತೆ ಬರಲೇ ಇಲ್ಲ. ಆ ಖರ್ಚಿನ ಬಹುಪಾಲು ಹುಟ್ಟಿದ್ದು ಲಾಟರಿಯಿಂದ. ಆಪೆರಾ ಹೌಸ್ ಲಾಟರಿ ಅಂತಲೇ ಒಂದನ್ನು ನಡೆಸಿದರು. ಇಷ್ಟವಿದ್ದವರು ಟಿಕೆಟ್ ಕೊಂಡರು. ಅದು ಸರಿಯೇ ತಪ್ಪೇ ಎಂಬುದು ಬೇರೆ ಮಾತು. ಆಸ್ಪತ್ರೆ ಶಾಲೆಗಳ ದುಡ್ಡಿಗೆ ನೇರವಾಗಿ ಕೈಹಾಕಲಿಲ್ಲ ಎಂಬ ಸಮಾಧಾನವಂತೂ ಅಲ್ಲಿನ ಜನರಿಗೆ ಇತ್ತು.

ನಮ್ಮ ಮೈಸೂರು ಅರಮನೆಯ ಕಥೆ ಇನ್ನೂ ಬೇರೆ. 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆನ್ರಿ ಇರ್ವಿನ್ ಕೈಯಲ್ಲಿ ಹೊಸದನ್ನು ಕಟ್ಟಿಸಿದರು. ಕೆಲಸ 1912ರಲ್ಲಿ ಮುಗಿಯಿತು, ಖರ್ಚು 41 ಲಕ್ಷ 47 ಸಾವಿರ ರೂಪಾಯಿ ದಾಟಿತು. ಆ ಕೆಲಸ ಆರಂಭವಾದ ಕಾಲದಲ್ಲೇ ಪ್ಲೇಗು ಮೈಸೂರು ಸೀಮೆಯನ್ನು ಹಿಂಡುತ್ತಿತ್ತು, ಜನ ಊರು ಬಿಟ್ಟು ಗುಡಿಸಲು ಹಾಕಿಕೊಂಡಿದ್ದರು. ಇಂದು ಯಾವ ಸರ್ಕಾರವಾದರೂ ಅಂಥ ಹೊತ್ತಿನಲ್ಲಿ ಅರಮನೆ ಕಟ್ಟಿದ್ದರೆ ಉಳಿಯುತ್ತಿರಲಿಲ್ಲ. ಆದರೆ ಅದೇ ವರ್ಷಗಳಲ್ಲಿ, 1898ರಿಂದ 1907ರವರೆಗೆ, ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟೂ ಎದ್ದಿತು, ಅದೇ ಮಹಾರಾಣಿಯ ಹೆಸರಿನಲ್ಲಿ. ಬರದ ನಾಡಿನ ಅಣೆಕಟ್ಟು ಅದು. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂದು ಹಿರಿಯೂರಿನ ಕಡೆಯ ಜನ ಜಾತ್ರೆಗೆ ಹೋದಂತೆ ನೋಡಲು ಹೋದರು. ಅರಮನೆಯನ್ನು ಲಕ್ಷಾಂತರ ಜನ ನೋಡುತ್ತಾರೆ, ಆ ಕಣಿವೆಯ ನೀರನ್ನು ಚಿತ್ರದುರ್ಗದ ಮನೆಮನೆಯವರು ಕುಡಿಯುತ್ತಾರೆ. ಬೊಕ್ಕಸ ಎರಡಕ್ಕೂ ದುಡ್ಡು ಕೊಟ್ಟಿತ್ತು ಎಂಬುದನ್ನು ಮರೆಯಬಾರದು. ಅಣೆಕಟ್ಟು ಇಲ್ಲದೆ ಬರೀ ಅರಮನೆ ಎದ್ದಿದ್ದರೆ ಆ ಕಾಲದ ಬಗ್ಗೆ ನಾವು ಬೇರೆ ರೀತಿ ಮಾತಾಡುತ್ತಿದ್ದೆವು.

ನಮ್ಮ ಹಳಬರು ಚಂದ ಮತ್ತು ಉಪಯೋಗ ಎರಡನ್ನೂ ಒಂದೇ ಕಲ್ಲಿನಲ್ಲಿ ತಂದ ಜಾಗಗಳೂ ಇವೆ. ಗದಗದ ಪಕ್ಕದ ಲಕ್ಕುಂಡಿಗೆ ಹೋದವರು ಗುಡಿಗಳನ್ನು ನೋಡಿ ಬರುತ್ತಾರೆ. ನಾನು ಹೆಚ್ಚು ಹೊತ್ತು ನಿಲ್ಲುವುದು ಮಾಣಿಕೇಶ್ವರ ಗುಡಿಯ ಮುಂದಿರುವ ಮುಸುಕಿನ ಬಾವಿಯ ಹತ್ತಿರ. ಕಲ್ಯಾಣ ಚಾಲುಕ್ಯರ ಕಾಲದ್ದು. ಇಳಿಯುವ ಮೆಟ್ಟಿಲ ಸಾಲುಗಳ ನಡುನಡುವೆ ಪುಟ್ಟಪುಟ್ಟ ಗೂಡುಗುಡಿಗಳು. ನೀರು ತರಲು ಇಳಿಯುವ ದಾರಿಗೆ ಗರ್ಭಗುಡಿಗೆ ಕೊಡುವಷ್ಟೇ ಕೆತ್ತನೆ ಕೊಟ್ಟಿದ್ದಾರೆ. ಬಾವಿ ಎಂದರೆ ಆ ಕಾಲದ ನೀರು ಸರಬರಾಜು ಮಂಡಳಿ. ಅದಕ್ಕೂ ಶಿಲ್ಪಿ ಬೇಕು ಎಂದು ಅವರಿಗೆ ಅನ್ನಿಸಿತ್ತು. ಆದರೆ ಒಂದು ಕಹಿ ಸತ್ಯವನ್ನೂ ಇಲ್ಲೇ ಹೇಳಬೇಕು. ನಮ್ಮ ನಾಡಿನ ಇಂಥ ಎಷ್ಟೋ ಮೆಟ್ಟಿಲುಗಳು ಎಲ್ಲರ ಕಾಲಿಗೆ ತೆರೆದಿರಲಿಲ್ಲ. ಬಾವಿಕಟ್ಟೆ ಹತ್ತಲು ಬಿಡದೆ ದೂರ ನಿಲ್ಲಿಸಿದ ಜನರ ಪಾಲಿಗೆ ಆ ಕೆತ್ತನೆಯ ಚಂದದಿಂದ ಬಂದ ಭಾಗ್ಯವೇನು? ಕಟ್ಟಡದ ಚಂದವನ್ನು ಅಳೆಯುವಾಗ ಗೋಪುರದ ಎತ್ತರಕ್ಕಿಂತ ಮೊದಲು ಅಲ್ಲಿ ಯಾರು ಯಾರು ಕಾಲಿಡಬಹುದು ಎಂದು ನೋಡಬೇಕು ಎಂದು ನಾನು ಕಲಿತದ್ದು ಅಂಥ ಬಾವಿಕಟ್ಟೆಗಳಿಂದಲೇ.

ಕಾಲಿನ ಮಾತು ಬಂತು, ಎರಡು ಸೇತುವೆಗಳ ಕಥೆ ಹೇಳಿಬಿಡುತ್ತೇನೆ. ಎರಡನ್ನೂ ವಿನ್ಯಾಸ ಮಾಡಿದವರು ಒಬ್ಬರೇ, ಸ್ಪೇನಿನ ಸಾಂತಿಯಾಗೊ ಕಲಾತ್ರಾವಾ. ಎರಡೂ ನಡೆಯುವವರಿಗಾಗಿ ಕಟ್ಟಿದ ಸೇತುವೆಗಳು, ಎರಡಕ್ಕೂ ಊರು ತುಂಬ ಜಗಳ. ಮೊದಲನೆಯದು ವೆನಿಸ್ಸಿನದು. ರೈಲ್ವೆ ಸ್ಟೇಷನ್ನಿನಿಂದ ಬಸ್ಸು ನಿಲ್ಲುವ ಚೌಕಕ್ಕೆ ದೊಡ್ಡ ಕಾಲುವೆ ದಾಟಿಸುವ ಸೇತುವೆ, 2008ರಲ್ಲಿ ತೆರೆಯಿತು. ಮೆಟ್ಟಿಲುಗಳಿಗೆ ಗಾಜು ಹಾಕಿದರು. ನೋಡಲು ಬಹಳ ಸೊಗಸು. ಮಳೆ ಬಿದ್ದರೆ, ಮಂಜು ಕೂತರೆ ಜನ ಜಾರಿ ಬಿದ್ದರು. ಗಾಲಿಕುರ್ಚಿಯವರಿಗೆ ದಾರಿಯೇ ಇರಲಿಲ್ಲ. ಅವರಿಗೆಂದು ಪಕ್ಕದಲ್ಲಿ ಮೊಟ್ಟೆಯಾಕಾರದ ಒಂದು ತೂಗುಗೂಡನ್ನು ಬಹಳ ಖರ್ಚು ಮಾಡಿ ಕೂಡಿಸಿದರು, ಅದು ಸರಿಯಾಗಿ ಓಡದೆ ಕೊನೆಗೆ ಕಿತ್ತುಹಾಕಿದರು. 2019ರಲ್ಲಿ ಅಲ್ಲಿನ ಲೆಕ್ಕಪತ್ರಗಳ ನ್ಯಾಯಾಲಯ ವಿನ್ಯಾಸಕಾರರಿಗೆ 78 ಸಾವಿರ ಯೂರೋ ದಂಡ ಹಾಕಿತು. ಗಾಜು ತೆಗೆದು ಕಲ್ಲು ಹಾಕುವ ತೀರ್ಮಾನವನ್ನು ನಗರಸಭೆ ಆಮೇಲೆ ಮಾಡಬೇಕಾಯಿತು.

ಎರಡನೆಯದು ಕೆನಡಾದ ಕ್ಯಾಲ್ಗರಿಯ ಪೀಸ್ ಬ್ರಿಜ್. ಬೋ ನದಿಯ ಮೇಲೆ ಕೆಂಪು ಬಣ್ಣದ, ಉಕ್ಕಿನ ಜಾಲರಿ ಸುತ್ತಿದ ಕೊಳವೆಯಂಥ ಸೇತುವೆ. ನದಿಯೊಳಗೆ ಕಂಬ ಇಳಿಸಲಿಲ್ಲ, ಮೇಲೆ ಹೆಲಿಕಾಪ್ಟರ್ ಹಾರುವ ದಾರಿ ಇದ್ದುದರಿಂದ ಎತ್ತರಕ್ಕೂ ಮಿತಿ ಇತ್ತು. ಖರ್ಚು 2 ಕೋಟಿ 45 ಲಕ್ಷ ಡಾಲರ್. ಹತ್ತಿರದಲ್ಲೇ ಬೇರೆ ಸೇತುವೆ ಇರುವಾಗ ನಡೆಯುವವರಿಗಾಗಿ ಇಷ್ಟು ಯಾಕೆ ಎಂದು ಜನ ಕೇಳಿದರು. ಅದಕ್ಕಿಂತ ಹೆಚ್ಚಾಗಿ, ಸ್ಪರ್ಧೆ ಕರೆಯದೆ ನೇರವಾಗಿ ಒಬ್ಬರ ಕೈಗೆ ಕೆಲಸ ಕೊಟ್ಟಿದ್ದು ಅವರಿಗೆ ಸಿಟ್ಟು ತಂದಿತು. 2012ರಲ್ಲಿ ತೆರೆದ ಮೇಲೆ ಆದದ್ದೇ ಬೇರೆ. ದಿನಕ್ಕೆ ಸಾವಿರಾರು ಜನ ಅದರ ಮೇಲೆ ನಡೆದು, ಸೈಕಲ್ ತುಳಿದು ಕೆಲಸಕ್ಕೆ ಹೋಗತೊಡಗಿದರು. ಕಾಲು ಬಂದ ಮೇಲೆ ಸಿಟ್ಟು ತಣಿಯಿತು. ಅದೇ ಊರಿನಲ್ಲಿ ಎರಡು ವರ್ಷದ ನಂತರ ಸೇಂಟ್ ಪ್ಯಾಟ್ರಿಕ್ ದ್ವೀಪಕ್ಕೆ ಇನ್ನೊಂದು ಕಾಲುಸೇತುವೆ ಆಯಿತು, ಹೆಚ್ಚುಕಡಿಮೆ ಅಷ್ಟೇ ಖರ್ಚಿನಲ್ಲಿ. ಅದಕ್ಕೆ ಮೊದಲೇ ಸ್ಪರ್ಧೆ ಕರೆದು ವಿನ್ಯಾಸ ಆರಿಸಿದ್ದರು. ಮೊದಲಿನಷ್ಟು ಗದ್ದಲ ಆಗಲಿಲ್ಲ. ಅಂದರೆ ಜನ ದುಡ್ಡಿಗಷ್ಟೇ ಮುನಿಯುವುದಿಲ್ಲ, ತಮ್ಮನ್ನು ಕೇಳದೆ ಮಾಡಿದ್ದಕ್ಕೆ ಮುನಿಯುತ್ತಾರೆ.

ಬೆಂಗಳೂರಿನಲ್ಲಿ 2016ರಲ್ಲಿ ನಡೆದದ್ದೂ ಇದೇ. ಬಸವೇಶ್ವರ ವೃತ್ತದಿಂದ ಹೆಬ್ಬಾಳದ ಕಡೆಗೆ 6.7 ಕಿಲೋಮೀಟರಿನ ಉಕ್ಕಿನ ಮೇಲ್ಸೇತುವೆ, ಸುಮಾರು 1,791 ಕೋಟಿ ರೂಪಾಯಿ, ಕಡಿಯಬೇಕಾದ ಮರ ಎಂಟುನೂರಕ್ಕೂ ಹೆಚ್ಚು. ಅಭಿಪ್ರಾಯ ಕೇಳಿದ್ದೇವೆ, ಮುನ್ನೂರರಷ್ಟು ಇಮೇಲ್ ಬಂದಿವೆ, ಹೆಚ್ಚಿನವರು ಪರವಾಗಿದ್ದಾರೆ ಎಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೇಳಿತು. ಕೋಟಿ ಜನರ ಊರಿನಲ್ಲಿ ಅದನ್ನು ಒಪ್ಪಿಗೆ ಎಂದು ಯಾರು ಒಪ್ಪುತ್ತಾರೆ? ಅಕ್ಟೋಬರ್ 16ರ ಭಾನುವಾರ ಬೆಳಿಗ್ಗೆ ಸಾವಿರಾರು ಜನ ಬಳ್ಳಾರಿ ರಸ್ತೆಯ ಬದಿಯಲ್ಲಿ ಕೈಕೈ ಹಿಡಿದು ನಿಂತರು. 'ಸ್ಟೀಲ್ ಫ್ಲೈಓವರ್ ಬೇಡ' ಎಂದರು. ಮಕ್ಕಳು, ಅಜ್ಜಿಯರು, ಕಾಲೇಜಿನವರು, ಐಟಿಯವರು. ಅದೇ ಜನ ಮುಂದಿನ ತಿಂಗಳುಗಳಲ್ಲಿ 'ಚುಕುಬುಕು ಬೇಕು' ಎಂದು ಉಪನಗರ ರೈಲು ಕೇಳಿದರು, 'ಬಸ್ ಭಾಗ್ಯ ಬೇಕು' ಎಂದು ಬಸ್ಸು ಕೇಳಿದರು. ಬೇಡ ಎಂದವರು ಬೇಕಾದದ್ದನ್ನೂ ಹೇಳಿದ್ದು ಆ ಚಳವಳಿಯ ದೊಡ್ಡತನ. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಉಪನಗರ ರೈಲಿಗೆ 2022ರಲ್ಲಿ ಶಂಕುಸ್ಥಾಪನೆಯಾಯಿತು.

ಈಗ ಹೊಸ ಹೆಸರುಗಳು ಬಂದಿವೆ. 250 ಮೀಟರ್ ಎತ್ತರದ ಸ್ಕೈಡೆಕ್ಕಿಗೆ, ಸುಮಾರು 500 ಕೋಟಿಯ ಅಂದಾಜಿನಲ್ಲಿ, 2024ರ ಆಗಸ್ಟಿನಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆಲದ ಮರದ ಕಲ್ಪನೆಯ ಮೇಲೆ ವಿದೇಶದ ವಾಸ್ತುಶಿಲ್ಪಿಗಳು ರೂಪಿಸಿದ ಗೋಪುರ ಅದು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿಯ ಸುರಂಗ ರಸ್ತೆಗೆ ಹೇಳುತ್ತಿರುವ ಮೊತ್ತ 17 ಸಾವಿರ ಕೋಟಿಯ ಆಸುಪಾಸು. ಎತ್ತರ ಹತ್ತಿ ಊರು ನೋಡುವ ಆಸೆ ತಪ್ಪಲ್ಲ. ಲಾಲ್‌ಬಾಗಿನ ಬಂಡೆಯ ಮೇಲೆ ಹತ್ತಿ ನಿಂತು ಎಷ್ಟೋ ತಲೆಮಾರು ಆ ಸುಖ ಕಂಡಿದೆ. ನನ್ನನ್ನು ಕಾಡುವ ವಿಷಯ ಬೇರೆ. ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಊರಿನ ಇಂಥ ದೊಡ್ಡ ಖರ್ಚುಗಳ ತೀರ್ಮಾನ ಆದದ್ದು ವಾರ್ಡಿನಿಂದ ಆರಿಸಿ ಬಂದ ಒಬ್ಬ ಕಾರ್ಪೊರೇಟರೂ ಇಲ್ಲದ ಕಾಲದಲ್ಲಿ. ವಿಧಾನಸೌಧದ ಖರ್ಚನ್ನು ಕೇಳಲು ಸದನದಲ್ಲಿ ಸದಸ್ಯರಿದ್ದರು. ಈ ಖರ್ಚನ್ನು ಪಾಲಿಕೆಯಲ್ಲಿ ಕೇಳುವವರು ಯಾರಿದ್ದರು?

ಕಟ್ಟಡ ಚೆನ್ನಾಗಿದ್ದು ದಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ನೋಡಿ. ದುಡ್ಡು ರೈಲ್ವೆಯದು, ಸುಮಾರು 314 ಕೋಟಿ. ವಿಮಾನ ನಿಲ್ದಾಣದಂಥ ಮಾಡು, ತಂಪು ಹವೆ, ವಿಶಾಲವಾದ ಒಳಾಂಗಣ. 2022ರ ಜೂನಿನಲ್ಲಿ ಅಲ್ಲಿಂದ ರೈಲು ಹೊರಟಾಗ ಜನ ಖುಷಿಪಟ್ಟರು. ಜೊತೆಗೇ ಕೇಳಿದರು: ಅಲ್ಲಿಗೆ ತಲುಪುವುದು ಹೇಗೆ? ಇಕ್ಕಟ್ಟಾದ ರಸ್ತೆ, ಮೆಟ್ರೋ ಸ್ಟೇಷನ್ನಿನಿಂದ ನೇರ ದಾರಿ ಇರಲಿಲ್ಲ. ಪೆಟ್ಟಿಗೆ ಹೊತ್ತು, ಮಗುವನ್ನು ಎತ್ತಿಕೊಂಡು ನಡೆಯುವವಳಿಗೆ ಚಂದ ಶುರುವಾಗಬೇಕಾದದ್ದು ನಿಲ್ದಾಣದ ಬಾಗಿಲಲ್ಲಿ ಅಲ್ಲ, ಬಸ್ಸಿಳಿದ ಕಡೆ.

ಅದಕ್ಕೇ ನನಗೆ ಬೆಂಗಳೂರಿನ ಕೆಲವು ಬೀದಿಗಳನ್ನು ಹೊಸದಾಗಿ ರೂಪಿಸಿದ ಟೆಂಡರ್‌ಶ್ಯೂರ್ ರಸ್ತೆಗಳ ಮೇಲೆ ಪ್ರೀತಿ. ಅವು ಬಂದಾಗಲೂ ಗದ್ದಲವಾಯಿತು. ಇಷ್ಟು ಅಗಲದ ಫುಟ್‌ಪಾತು ಯಾಕೆ, ಗಾಡಿಗಳಿಗೆ ಜಾಗ ಕಡಿಮೆಯಾಯಿತು, ಶ್ರೀಮಂತರ ಬೀದಿಗೇ ಮೊದಲು ಯಾಕೆ ಎಂದರು. ಕೊನೆಯ ಪ್ರಶ್ನೆ ನ್ಯಾಯವಾದದ್ದು, ಈಗಲೂ ಕೇಳಬೇಕಾದದ್ದು. ಆದರೆ ಪೈಪು, ಕೇಬಲ್ಲು, ಒಳಚರಂಡಿ ಎಲ್ಲಕ್ಕೂ ಅಡಿಯಲ್ಲೇ ಜಾಗ ಮಾಡಿ, ರಸ್ತೆಯನ್ನು ಪದೇ ಪದೇ ಅಗೆಯದಂತೆ ಮಾಡುವ ಆಲೋಚನೆ ನಗರಕ್ಕೆ ಅತ್ಯಂತ ಬೇಕಾದ ವಾಸ್ತುಶಿಲ್ಪ. ರೆಸಿಡೆನ್ಸಿ ರಸ್ತೆಯ ಫುಟ್‌ಪಾತಿನಲ್ಲಿ ಕಣ್ಣು ಮಂಜಾದ ಹಿರಿಯರು ಯಾರ ಕೈಯನ್ನೂ ಹಿಡಿಯದೆ ನಡೆಯುವುದನ್ನು ನೋಡಿದರೆ, ಒಳ್ಳೆಯ ವಿನ್ಯಾಸ ಅಂದರೆ ಏನೆಂದು ತಿಳಿಯುತ್ತದೆ. ಇದು ಮಾಗಡಿ ರಸ್ತೆಗೂ ಬರಲಿ, ಲಗ್ಗೆರೆಗೂ ಬರಲಿ, ಕಲಬುರಗಿ ವಿಜಯಪುರಗಳ ಬಜಾರಿಗೂ ಬರಲಿ.

ಕಟ್ಟುವ ಉತ್ಸಾಹದಲ್ಲಿ ನಾವು ಕಾಯುವುದನ್ನು ಮರೆಯುತ್ತೇವೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ಕೆಡವಿ ಕಟ್ಟಬೇಕೋ ದುರಸ್ತಿ ಮಾಡಬೇಕೋ ಎಂದು ವರ್ಷಗಟ್ಟಲೆ ವ್ಯಾಜ್ಯ. ಹೂವು ಹಣ್ಣು ವೀಳ್ಯದೆಲೆ ಮಾರುವವರು ಆ ಅನಿಶ್ಚಯದ ಕೆಳಗೇ ಅಂಗಡಿ ತೆರೆದು ಕೂತರು. ಕಾಲಕಾಲಕ್ಕೆ ಗಾರೆ, ಮಾಡು, ಮರ ನೋಡಿಕೊಂಡಿದ್ದರೆ ಎಷ್ಟೋ ಕಡಿಮೆ ದುಡ್ಡಿನಲ್ಲಿ ಆಗುತ್ತಿದ್ದ ಕೆಲಸ. ನಿರ್ವಹಣೆಗೆ ರಿಬ್ಬನ್ ಕತ್ತರಿಸುವ ಸಮಾರಂಭ ಇಲ್ಲ, ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಅವಕಾಶ ಇಲ್ಲ. ಹಾಗಾಗಿ ಬಜೆಟ್ಟಿನಲ್ಲಿ ಅದಕ್ಕೆ ಕೊನೆಯ ಸಾಲು.

ಇಷ್ಟೆಲ್ಲ ಹೇಳಿ ನನ್ನ ತೀರ್ಪು ಹೇಳುತ್ತೇನೆ. ಊರಿನ ದುಡ್ಡಿನಲ್ಲಿ ಚಂದದ ಕೆಲಸ ಆಗಲೇಬೇಕು, ಧಾರಾಳವಾಗಿ ಆಗಬೇಕು. ಆದರೆ ಹೆಚ್ಚು ಕಾಲು ನಡೆಯುವ ಕಡೆ ಮೊದಲು ಆಗಬೇಕು: ಬಸ್‌ಸ್ಟ್ಯಾಂಡಿನಲ್ಲಿ, ಮಾರುಕಟ್ಟೆಯಲ್ಲಿ, ಸರ್ಕಾರಿ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ, ಸ್ಕೂಲಿಗೆ ಹೋಗುವ ರಸ್ತೆಯಲ್ಲಿ. ಆಮೇಲೆ ಗೋಪುರವೂ ಬರಲಿ, ಕೇಳಿಕೊಂಡು ಬರಲಿ.

ನಿಮ್ಮ ವಾರ್ಡಿಗೆ ಚುನಾವಣೆ ಬಂದಾಗ ಮತ ಕೇಳಲು ಮನೆಬಾಗಿಲಿಗೆ ಬಂದವರನ್ನು ದಯವಿಟ್ಟು ನಾಲ್ಕು ಮಾತು ಕೇಳಿ. ದೊಡ್ಡ ಯೋಜನೆಯ ವಿವರವಾದ ವರದಿಯನ್ನು (ಡಿಪಿಆರ್) ಟೆಂಡರಿಗೆ ಮೊದಲು ಕನ್ನಡದಲ್ಲಿ ಜನರ ಮುಂದೆ ಇಡುತ್ತೀರಾ? ವಿನ್ಯಾಸಕ್ಕೆ ಬಹಿರಂಗ ಸ್ಪರ್ಧೆ ಕರೆಯುತ್ತೀರಾ? ಕಟ್ಟಿದ ಮೇಲೆ ಅದನ್ನು ನೋಡಿಕೊಳ್ಳುವ ದುಡ್ಡು ಎಲ್ಲಿಂದ ತರುತ್ತೀರಿ? ಕೋಲು ಹಿಡಿದ ನನ್ನ ತಾಯಿ, ಗಾಲಿಕುರ್ಚಿಯ ನನ್ನ ಪಕ್ಕದ ಮನೆಯವರು, ಬುಟ್ಟಿ ಹೊತ್ತ ಹೂವಾಡಗಿತ್ತಿ ಅಲ್ಲಿಗೆ ನಡೆದು ಹೋಗಬಹುದೇ? ಈ ನಾಲ್ಕಕ್ಕೂ ನೇರ ಉತ್ತರ ಕೊಟ್ಟವರಿಗೆ ಮತ ಕೊಡಿ. ಉತ್ತರ ಸಿಗದಿದ್ದರೆ ಸಿಗುವವರೆಗೆ ಕೇಳುತ್ತಲೇ ಇರಿ. ಅದು ನಿಮ್ಮದೇ ದುಡ್ಡು.